ಚೂಡಾಮಣಿಯ ನಿದ್ದೆ

ಯಾರಾದರೂ ಯಾರನ್ನಾದರೂ ಸೋಮಾರಿ ಎಂದದ್ದು ಕಿವಿಗೆ ಬಿದ್ದರೆ ನನಗೆ ಈಗಲೂ ಮೈ ಉರಿಯುತ್ತದೆ. ಅಂದವರು ಯಾರೇ ಆಗಿರಲಿ, ನಿಲ್ಲಿಸಿ ಕೇಳುತ್ತೇನೆ: ಅವರ ರಕ್ತ ಪರೀಕ್ಷೆ ಮಾಡಿಸಿದ್ದೀರಾ ಸ್ವಾಮಿ? ಜನ ನನಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ಶಿವನಂಜಮ್ಮನ ಬಾಯಿ ಜೋರು ಅನ್ನುವುದು ನನ್ನ ತವರು ಬಸರಾಳಿನಿಂದ ಹಿಡಿದು ಮಳವಳ್ಳಿ ಬಸ್ ಸ್ಟ್ಯಾಂಡಿನವರೆಗೆ ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ಚೂಡಾಮಣಿ ಪಟ್ಟ ಪಾಡನ್ನು ಪಕ್ಕದಲ್ಲಿ ನಿಂತು ನೋಡಿದ್ದರೆ ನಿಮಗೂ ಬಾಯಿ ಜೋರಾಗುತ್ತಿತ್ತು.

ಅವಳೂ ನಾನೂ ಬೆಳಕವಾಡಿಯ ಮಿಡ್ಲ್ ಸ್ಕೂಲಿನಲ್ಲಿ ಟೀಚರುಗಳು. ಇಬ್ಬರ ಮನೆಯೂ ಮಳವಳ್ಳಿಯಲ್ಲೇ. ಬೆಳಿಗ್ಗೆ ಶಿವನಸಮುದ್ರದ ಕಡೆ ಹೋಗುವ ಬಸ್ಸು ಹಿಡಿದು ಹೋಗುವುದು, ಸಂಜೆ ಅದೇ ಬಸ್ಸಿನಲ್ಲಿ ಬರುವುದು. ಅವಳೋ ಕಾಲಿಗೆ ಚಕ್ರ ಕಟ್ಟಿಕೊಂಡವಳು. ಬಸ್ಸು ಹೊರಟುಬಿಟ್ಟಿದ್ದರೂ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿಬಂದು ಹತ್ತುತ್ತಿದ್ದಳು. “ಮೇಡಮ್ಮೋರೆ, ನಮ್ ಬಸ್ಸಿಗಿಂತ ನೀವೇ ಮುಂದ್ಕೋಯ್ತೀರಿ ಬುಡಿ” ಎಂದು ಕಂಡಕ್ಟರ್ ಅಂಕಯ್ಯ ನಗುತ್ತಿದ್ದ. ಇನ್ನು ಅವಳ ದನಿ! ಏಳನೇ ತರಗತಿಗೆ ಅವಳು ಪಾಠ ಮಾಡಿದರೆ ಗೋಡೆಯಾಚೆಯ ನನ್ನ ಐದನೇ ತರಗತಿಯ ಮಕ್ಕಳು ಅದನ್ನೇ ಬಾಯಿಪಾಠ ಮಾಡುತ್ತಿದ್ದವು. “ಚೂಡಿ, ಸ್ವಲ್ಪ ಮೆತ್ತಗೆ ಮಾಡೇ, ನನ್ ಮಕ್ಕಳು ನನ್ ಮಾತೇ ಕೇಳಕಿಲ್ಲ ಅಂತವೆ” ಎಂದು ನಾನೇ ಎಷ್ಟೋ ಸಲ ಬೈದಿದ್ದೇನೆ.

ಅಂಥವಳು ಎಪ್ಪತ್ತೈದನೇ ಇಸವಿಯ ಕೊನೆಯ ಹೊತ್ತಿಗೆ ನಿಧಾನವಾದಳು. ಮೊದಲು ನನಗೂ ಗೊತ್ತಾಗಲಿಲ್ಲ. ಬಸ್ಸಿಗೆ ಓಡುವುದು ಬಿಟ್ಟಳು. ಆಮೇಲೆ ಬಸ್ಸಿನಲ್ಲಿ ಕೂತ ಕೂಡಲೇ ಕಿಟಕಿಗೆ ತಲೆ ಕೊಟ್ಟು ಮಲಗತೊಡಗಿದಳು. ಮುಖ ಊದಿಕೊಂಡಿತು, ಹುಬ್ಬು ಉದುರಿತು, ಕೈ ಚರ್ಮ ಒಣಗಿ ಹೊಟ್ಟು ಏಳತೊಡಗಿತು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ನಾವೆಲ್ಲ ಬೆವರು ಒರೆಸಿಕೊಳ್ಳುತ್ತಿದ್ದರೆ ಅವಳು ಸ್ವೆಟರ್ ಹಾಕಿಕೊಂಡು ಬಂದಳು. ಆ ದನಿ ಗೊಗ್ಗರಾಗಿ, ಗಂಡಸಿನ ದನಿಯಂತೆ ಆಗಿಬಿಟ್ಟಿತು. ಏನಾದರೂ ಕೇಳಿದರೆ ಉತ್ತರ ಬರುವಷ್ಟರಲ್ಲಿ ಕೇಳಿದವರು ಎದ್ದುಹೋಗಿರುತ್ತಿದ್ದರು. “ನಂಜೂ, ತಲೆ ಒಳಗೆ ಯಾರೋ ಹತ್ತಿ ತುರುಕಿದ ಹಾಗಿದೆ ಕಣೆ” ಎಂದು ಒಂದು ದಿನ ಬಸ್ಸಿನಲ್ಲಿ ಹೇಳಿ ಅತ್ತಳು. ಹೇಳಿ ಮುಗಿಸುವ ಮೊದಲೇ ನಿದ್ದೆ ಹೋದಳು.

ಮನೆಯಲ್ಲಿ ಅವಳ ಅತ್ತೆ ಆಂಡಾಳಮ್ಮ ದೇವಸ್ಥಾನದ ಬೀದಿಗೆಲ್ಲ ಕೇಳುವಂತೆ ಹಾಡುತ್ತಿದ್ದರು. “ನಮ್ಮ ಕಾಲದಲ್ಲಿ ಸೊಸೆ ಅಂದವಳು ಕೋಳಿಗಿಂತ ಮುಂಚೆ ಏಳುತ್ತಿದ್ದಳು. ಇವಳಿಗೆ ಕೈಗೆ ಸಂಬಳ ಬಂತು, ಮೈಗೆ ಸೋಮಾರಿತನ ಬಂತು.” ಗಂಡ ಕಸ್ತೂರಿರಂಗ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಸಾಧು ಮನುಷ್ಯ. ತಾಯಿ ಮಾತಾಡುವಾಗ ತಲೆ ತಗ್ಗಿಸುವುದು, ಹೆಂಡತಿ ಅಳುವಾಗಲೂ ತಲೆ ತಗ್ಗಿಸುವುದು, ಅಷ್ಟೇ ಅವರಿಗೆ ಗೊತ್ತಿದ್ದದ್ದು.

ಅದು ತುರ್ತು ಪರಿಸ್ಥಿತಿಯ ಕಾಲ. ಆಫೀಸು, ಸ್ಕೂಲುಗಳೆಲ್ಲ ಬಿಗಿಯಾಗಿದ್ದವು. ಅಂಥ ಹೊತ್ತಿನಲ್ಲೇ ಸ್ಕೂಲ್ ಇನ್ಸ್‌ಪೆಕ್ಟರು ಹೇಳದೆ ಕೇಳದೆ ಬಂದರು. ಏಳನೇ ತರಗತಿಯ ಬಾಗಿಲಲ್ಲಿ ನಿಂತು ನೋಡಿದರೆ ಮಕ್ಕಳು ತಮ್ಮಷ್ಟಕ್ಕೆ ಬರೆಯುತ್ತಿವೆ, ಮೇಡಮ್ಮು ಮೇಜಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದಾಳೆ. ಮಕ್ಕಳು ಪಾಪ, ಅವಳಿಗೆ ಎಚ್ಚರವಾಗಬಾರದೆಂದು ಪಿಸುಮಾತಿನಲ್ಲಿ ಲೆಕ್ಕ ಮಾಡುತ್ತಿದ್ದವು.

ಇನ್ಸ್‌ಪೆಕ್ಟರು ಹೋದ ಮೇಲೆ ಹೆಡ್ಮಾಸ್ಟರ್ ಕೆಂಪಸಿದ್ದಯ್ಯ ನಮ್ಮಿಬ್ಬರನ್ನೂ ಕರೆದರು. ಅವಳನ್ನು ಕರೆದದ್ದು; ನಾನು ಹಿಂದೆಯೇ ಹೋದೆ.

“ನೋಡಿ ಚೂಡಾಮಣಮ್ಮ, ನಂಗೇನೂ ನಿಮ್ ಮ್ಯಾಲೆ ಅಗೆ ಇಲ್ಲ. ಮ್ಯಾಲಿಂದ ಒತ್ತಡ ಅದೆ. ಕಾಯ್ಲೆ ಆಗಿದ್ರೆ ಕಾಯ್ಲೆ ಅಂತ ದೊಡ್ಡಾಸ್ಪತ್ರೇಲಿ ಬರೆಸ್ಕಂಡು ಬನ್ನಿ. ಇಲ್ದಿದ್ರೆ ನೀವಾಗೇ ರಾಜೀನಾಮೆ ಕೊಟ್ಬುಡಿ. ಅವ್ರಾಗೇ ತೆಗುದ್ರೆ ಎಸರು ಕೆಡ್ತದೆ.”

“ಇವ್ಳು ಸೋಮಾರಿ ಅಂತ ಹೇಳಿದ್ದು ಯಾರು ಸಾ? ಈ ಸ್ಕೂಲ್ನಲ್ಲಿ ಇವ್ಳಷ್ಟು ದುಡ್ದೋರು ಯಾರವ್ರೆ ತೋರ್ಸಿ” ಎಂದು ನಾನು ಎಗರಿದೆ.

“ನೀನು ಸುಮ್ಕಿರಮ್ಮ ಶಿವನಂಜಮ್ಮ. ನಿನ್ ಕೆಲ್ಸಾನೂ ಓದಾತು.”

ಚೂಡಾಮಣಿ ಏನೋ ಹೇಳಲು ಬಾಯಿ ತೆರೆದಳು. ನಾವಿಬ್ಬರೂ ಕಾದೆವು. ಕೊನೆಗೆ “ಬರೆಸ್ಕೊಂಡು ಬರ್ತೀನಿ ಸರ್” ಎಂದಳು.

ಮಳವಳ್ಳಿಯ ಪೇಟೆಯಲ್ಲಿ ಡಾಕ್ಟರ್ ಯೋಗಾನರಸಿಂಹ ಇದ್ದರು. ಅವರು ಅವಳ ಕುತ್ತಿಗೆ ಮುಟ್ಟಿ ನೋಡಿದರು, ಹಿಮ್ಮಡಿಯ ಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಪಾದ ಥಟ್ಟನೆ ಎಗರಿ, ವಾಪಸು ಬರುವಾಗ ಆಲಸ್ಯದಿಂದ ಬಂತು. ಗಂಟಲ ಮುಂದೆ ಥೈರಾಯ್ಡ್ ಎಂಬ ಗ್ರಂಥಿ ಇದೆ, ಅದು ರಕ್ತಕ್ಕೆ ಬಿಡುವ ಹಾರ್ಮೋನು ಕಡಿಮೆಯಾದರೆ ಮೈ, ಮನಸ್ಸು ಎರಡೂ ಹೀಗೆ ಮಂದವಾಗುತ್ತವೆ ಎಂದರು. ಆದರೆ ತಾವು ಅನುಮಾನ ಪಟ್ಟರೆ ಸಾಲದು, ಬೆಂಗಳೂರಿನಲ್ಲಿ ರಕ್ತ ಕೊಟ್ಟು ಪರೀಕ್ಷೆ ಮಾಡಿಸಿದರೇನೇ ಗೊತ್ತಾಗುವುದು ಎಂದರು. ಚೂಡಾಮಣಿಗೆ ಅಷ್ಟೇ ಸಾಕಾಗಿತ್ತು. ಮಾರನೆಯ ದಿನ ಸ್ಕೂಲಿಗೆ ಹೋಗುವಾಗ ಬಸ್ಸಿನಲ್ಲಿ ಅವಳು ನಿದ್ದೆ ಮಾಡಲಿಲ್ಲ.

ಮುಂದಿನ ವಾರವೇ ಅವಳು, ಗಂಡ, ಅತ್ತೆ ಮೂವರೂ ಮದ್ದೂರಿಗೆ ಹೋಗಿ ರೈಲು ಹಿಡಿದು ಬೆಂಗಳೂರಿಗೆ ಹೋದರು. ಅಲ್ಲಿ ಒಬ್ಬ ಡಾಕ್ಟರಮ್ಮ ಎಲ್ಲಾ ಕೇಳಿದರಂತೆ. ಇವಳು ಉತ್ತರ ಹೊಂದಿಸಿಕೊಳ್ಳುವಷ್ಟರಲ್ಲಿ ಆಂಡಾಳಮ್ಮನೇ ಪಟಪಟನೆ ಹೇಳಿ ಮುಗಿಸುತ್ತಿದ್ದರಂತೆ. ಸೊಸೆಯಾದವಳು ಪರಸ್ಥಳದಲ್ಲಿ ಅತ್ತೆಯ ಮಾತಿಗೆ ಅಡ್ಡ ಮಾತಾಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ರಕ್ತ ಕೊಟ್ಟು ಬಂದರು.

ವರದಿ ಅಂಚೆಯಲ್ಲಿ ಯೋಗಾನರಸಿಂಹ ಡಾಕ್ಟರಿಗೆ ಬಂತು. ಎಲ್ಲಾ ಸರಿಯಾಗಿದೆ. ಏನೂ ಕಡಿಮೆಯಿಲ್ಲ.

ಏನೂ ಇಲ್ಲ ಅಂದರೆ ಸಂತೋಷ ಪಡಬೇಕಲ್ಲವೇ? ನಾನು ಅವಳ ಮನೆಗೆ ಹೋದಾಗ ಸಾವಿನ ಮನೆಯ ಹಾಗಿತ್ತು. ಆಂಡಾಳಮ್ಮ ತುಳಸಿಕಟ್ಟೆಯ ಹತ್ತಿರ ಕೂತು, “ನಾನು ಹೇಳಲಿಲ್ಲವೇ? ಕಾಯಿಲೆಯೂ ಇಲ್ಲ ಕಸಾಲೆಯೂ ಇಲ್ಲ” ಎನ್ನುತ್ತಿದ್ದರು. ಕಸ್ತೂರಿರಂಗರು ಮುದ್ದಾದ ಅಕ್ಷರದಲ್ಲಿ ರಾಜೀನಾಮೆ ಬರೆದು, ಪೆನ್ನಿನ ಮುಚ್ಚಳ ತೆಗೆದು ಹೆಂಡತಿಯ ಮುಂದೆ ಇಟ್ಟಿದ್ದರು.

“ಮರ್ಯಾದೆಯಾಗಿ ಬಿಟ್ಟುಬಿಡೋಣ ಚೂಡಾ. ಅವರೇ ತೆಗೆದುಹಾಕಿದರೆ ನಾನು ಕಚೇರಿಯಲ್ಲಿ ಹೇಗೆ ಮುಖ ತೋರಿಸಲಿ?”

ಚೂಡಾಮಣಿ ಆ ಹಾಳೆಯನ್ನು ನೋಡುತ್ತ ಕೂತಿದ್ದಳು. ಎಷ್ಟು ಹೊತ್ತು ಕೂತಿದ್ದಳೆಂದರೆ, ಮತ್ತೆ ನಿದ್ದೆ ಹೋದಳೇನೋ ಅಂದುಕೊಂಡೆ. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿದಳು.

“ನನ್ನ ಮೈ ನನಗೆ ಸುಳ್ಳು ಹೇಳ್ತಿಲ್ಲ. ಆ ವರದೀನೇ ಸುಳ್ಳು ಹೇಳ್ತಿದೆ. ಯಾಕೆ ಅಂತ ಗೊತ್ತಾಗೋವರೆಗೂ ನಾನು ಸಹಿ ಹಾಕಲ್ಲ.”

ಮದುವೆಯಾದಾಗಿನಿಂದ ಆ ಮನೆಯಲ್ಲಿ ಅವಳು ‘ಇಲ್ಲ’ ಅಂದದ್ದು ಅದೇ ಮೊದಲು. ಶಭಾಷ್ ಕಣೇ ಅಂದುಕೊಂಡೆ. ಆದರೆ ವರದಿ ಸುಳ್ಳು ಎಂದು ತೋರಿಸುವುದು ಹೇಗೆ? ಡಾಕ್ಟರು ಕೂಡ ಕೈಚೆಲ್ಲಿದ್ದರು. ಕೆಂಪಸಿದ್ದಯ್ಯ ತಿಂಗಳ ಕೊನೆಯವರೆಗೆ ನೋಡುತ್ತೇನೆ ಎಂದಿದ್ದರು.

ಗುಟ್ಟು ಬಿಚ್ಚಿಕೊಂಡದ್ದು ಏಳನೇ ತರಗತಿಯಲ್ಲಿ. ಅವತ್ತು ಅವಳದು ವಿಜ್ಞಾನದ ಪಾಠ. ಆಹಾರದಲ್ಲಿ ಪಿಷ್ಟ ಇದೆಯೇ ಎಂದು ತೋರಿಸುವುದು. ಮಕ್ಕಳು ಲೋಟದಲ್ಲಿ ಅನ್ನದ ಗಂಜಿ ತಂದಿದ್ದವು. ಸ್ಕೂಲಿನ ಬೀರುವಿನಿಂದ ಅಯೋಡಿನ್ ಸೀಸೆ ತೆಗೆದು ಅವಳು ಒಂದು ತೊಟ್ಟು ಬಿಟ್ಟಳು. ಗಂಜಿ ಮಸಿಯ ಹಾಗೆ ಕಡುನೀಲಿಯಾಯಿತು. ಮಕ್ಕಳು ಹೋ ಎಂದವು. ಇವಳು ಮಾತ್ರ ಸೀಸೆ ಹಿಡಿದುಕೊಂಡು ಅಲ್ಲಾಡದೆ ನಿಂತಳು. ಆಮೇಲೆ ಪಾಠವನ್ನು ಅಲ್ಲೇ ಬಿಟ್ಟು, ಸೀಸೆ ಕೈಯಲ್ಲೇ ಇರುವಂತೆ ನನ್ನ ಕ್ಲಾಸಿಗೆ ಬಂದಳು.

“ನಂಜೂ, ಆ ಡಾಕ್ಟರಮ್ಮ ಇದನ್ನೇ ಕೇಳಿದ್ದು.”

“ಏನ್ ಕೇಳಿದ್ದು?”

ಅವಳು ಮಾತು ಒಂದೊಂದಾಗಿ ತೆಗೆದು ಇಟ್ಟಳು. ಅವಳ ರಕ್ತದಲ್ಲಿ ಡಾಕ್ಟರಮ್ಮ ಅಳೆಯಲಿದ್ದದ್ದು ಹಾರ್ಮೋನಿನ ಜೊತೆ ಅಂಟಿಕೊಂಡಿರುವ ಅಯೋಡಿನನ್ನು. ಅದಕ್ಕೇ, ‘ಅಯೋಡಿನ್ ಇರೋದು ಏನಾದರೂ ಕುಡಿದಿದ್ದೀರಾ, ಕುತ್ತಿಗೆಗೆ ಹಚ್ಚಿದ್ದೀರಾ? ಹಚ್ಚಿದ್ದರೆ ಅದೂ ಲೆಕ್ಕಕ್ಕೆ ಸೇರಿ, ಕಡಿಮೆ ಇರೋದೂ ಸರಿಯಾಗಿದೆ ಅಂತ ಬರುತ್ತೆ’ ಎಂದು ಮೊದಲೇ ಕೇಳಿದ್ದರಂತೆ. ಆಂಡಾಳಮ್ಮ, ‘ಶಿವ ಶಿವಾ’ ಅನ್ನುವ ಜನವಲ್ಲವಾದ್ದರಿಂದ ‘ನಾರಾಯಣ! ಅರಿಶಿನ ಬಿಟ್ಟರೆ ಇವಳ ಕುತ್ತಿಗೆಗೆ ಏನೂ ಸೋಕಿಸಿಲ್ಲ’ ಎಂದುಬಿಟ್ಟಿದ್ದರು.

“ಆದರೆ ಅತ್ತೆ ದಿನಾ ಹಚ್ಚುತ್ತಿದ್ದರು ಕಣೆ. ಟಿಂಚರ್. ಅದೂ ಅಯೋಡಿನ್ನೇ. ನಾನು ಹೇಳಬೇಕು ಅಂತ ಬಾಯಿ ತೆರೆದೆ. ಮಾತು ಬರೋ ಹೊತ್ತಿಗೆ ನರ್ಸು ಕೈಗೆ ಪಟ್ಟಿ ಕಟ್ಟುತ್ತಿದ್ದಳು. ಆಮೇಲೆ ಏನು ಹೇಳಬೇಕಿತ್ತು ಅನ್ನೋದೇ ಮರೆತುಹೋಯ್ತು. ಈಗ ನೆನಪಾಯ್ತು.”

ನಾನು ಅವಳ ರವಿಕೆಯ ಕತ್ತಿನ ಅಂಚು ನೋಡಿದೆ. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ರವಿಕೆ. ಅಂಚಿನುದ್ದಕ್ಕೂ ಕಡುನೀಲಿ ಕಲೆ. ಅಯ್ಯೋ ನನ್ನ ಕರ್ಮವೇ, ಇಂಕು ಎಂದುಕೊಂಡು ಇಷ್ಟು ದಿನ ಅದನ್ನು ಪಕ್ಕದಲ್ಲೇ ಕೂತು ನೋಡಿದ್ದೆ!

ಆ ಸಂಜೆ ನಾನು ನನ್ನ ಮನೆಗೆ ಹೋಗದೆ ನೇರ ಅವಳ ಮನೆಗೇ ಹೋದೆ. “ಆಂಡಾಳಮ್ಮನೋರೆ, ಆಸ್ಪತ್ರೇಲಿ ಯಾಕೆ ಸುಳ್ಳು ಹೇಳುದ್ರಿ?” ಎಂದು ಜಗಲಿಯ ಮೇಲೇ ಕೇಳಿದೆ. ಅವರು ಕೆಂಡವಾದರು. ಹೊರಗಿನವಳು ತಮ್ಮ ಮನೆಯ ವಿಷಯಕ್ಕೆ ಬರಬಾರದು ಎಂದರು. ಚೂಡಾಮಣಿ ನನ್ನನ್ನು ತಡೆದು, ತಾನೇ ಅವರ ಮುಂದೆ ಕೂತು, ಸೀಸೆ ತೋರಿಸಿ, ಮತ್ತೆ ಮೊದಲಿನಿಂದ ನಿಧಾನವಾಗಿ ಹೇಳಿದಳು.

ಆಗ ಹೊರಬಂತು ಸಂಗತಿ. ಊದಿದ ಕಡೆಗೆಲ್ಲ ಟಿಂಚರ್ ಹಚ್ಚುವುದು ಆಂಡಾಳಮ್ಮನ ತವರಿನ ರೂಢಿ. ಯೋಗಾನರಸಿಂಹ ಡಾಕ್ಟರು ನೋಡಿದ ಮೇಲೆ, ಸೊಸೆಯ ಕುತ್ತಿಗೆ ತುಸು ಊದಿದ್ದು ಕಂಡು ಶುರು ಮಾಡಿದ್ದರು. ಬೆಂಗಳೂರಿಗೆ ಹೋಗುವುದು ಗೊತ್ತಾದ ಮೇಲಂತೂ ಹೊತ್ತುಹೊತ್ತಿಗೂ ಬಳಿದಿದ್ದರು. ನಮ್ಮ ಕಡೆ ದೊಡ್ಡಾಸ್ಪತ್ರೆಗೆ ಹೋಗುವುದೆಂದರೆ ನೆಂಟರ ಮನೆಗೆ ಹೋದ ಹಾಗೆ. ಎಣ್ಣೆನೀರು ಹಾಕಿಕೊಂಡು, ಒಳ್ಳೆ ಸೀರೆ ಉಟ್ಟು, ಕಾಯಿಲೆಯನ್ನೂ ಆದಷ್ಟು ವಾಸಿ ಮಾಡಿಕೊಂಡು ಹೋಗಬೇಕು. ಹಾಗೇ ಹೋದರೆ ಮನೆಯವರು ನೋಡಿಕೊಂಡಿಲ್ಲ ಎಂದು ಡಾಕ್ಟರು ಆಡಿಕೊಂಡಾರು! ಕುತ್ತಿಗೆಯ ಕಂದು ಬಣ್ಣ ಕಂಡರೆ ಮನೆವೈದ್ಯ ಮಾಡಿದ್ದಕ್ಕೆ ಬೈದಾರೆಂದು, ಹೊರಡುವ ಬೆಳಿಗ್ಗೆ ಅದರ ಮೇಲೆ ಮಂದವಾಗಿ ಅರಿಶಿನ ತಿಕ್ಕಿ ಮುಚ್ಚಿದ್ದರು.

“ನಾನೇನು ವಿಷ ಹಚ್ಚಿದೆನೇ? ಒಳ್ಳೆಯದಾಗಲಿ ಅಂತಲೇ ಹಚ್ಚಿದ್ದು” ಎಂದರು ಆಂಡಾಳಮ್ಮ.

“ಗೊತ್ತು ಅತ್ತೆ. ಆದರೆ ಇನ್ನು ಮೇಲೆ ನನ್ನ ಕುತ್ತಿಗೆ ಮುಟ್ಟಬೇಡಿ.”

ಆಂಡಾಳಮ್ಮ ಎದ್ದು ಒಳಗೆ ಹೋದರು. ಆಮೇಲೆ ಎಷ್ಟೋ ದಿನ ಸೊಸೆಯ ಜೊತೆ ಮಾತಾಡಲಿಲ್ಲ.

ಯೋಗಾನರಸಿಂಹ ಡಾಕ್ಟರು ಹಣೆ ಚಚ್ಚಿಕೊಂಡರು. ಅಯೋಡಿನ್ ಮೈಯಿಂದ ಇಳಿಯಲು ಎರಡು ತಿಂಗಳಾದರೂ ಬೇಕು, ಅಲ್ಲಿಯವರೆಗೆ ಪರೀಕ್ಷೆ ಮಾಡಿಸಿ ಪ್ರಯೋಜನವಿಲ್ಲ, ಪರೀಕ್ಷೆಗೆ ಮುಂಚೆ ಮಾತ್ರೆಯನ್ನೂ ಕೊಡುವಂತಿಲ್ಲ ಎಂದರು. ಅಂದರೆ ಎರಡು ತಿಂಗಳು ಅದೇ ನಿದ್ದೆ, ಅದೇ ಚಳಿ, ಅದೇ ಹತ್ತಿ ತುಂಬಿದ ತಲೆ.

ಚೂಡಾಮಣಿ ಹೆಡ್ಮಾಸ್ಟರ ಮುಂದೆ ಹೋಗಿ ನಿಂತಳು. “ಸರ್, ಎರಡು ತಿಂಗಳು ಕೊಡಿ. ಅಷ್ಟರೊಳಗೆ ಒಂದೇ ಒಂದು ದಿನ ನಾನು ಕ್ಲಾಸಿನಲ್ಲಿ ಮಲಗಿದ್ದು ಕಂಡರೆ ಅವತ್ತೇ ರಾಜೀನಾಮೆ ಕೊಡ್ತೀನಿ.”

ಕೆಂಪಸಿದ್ದಯ್ಯ ಅವಳ ಮುಖ ನೋಡಿದರು. “ಆಗ್ಲಿ. ಆದ್ರೆ ಮಾತು ಅಂದ್ರೆ ಮಾತು ಕಣಮ್ಮ.”

ಅವಳು ಮಾಡಿದ ಮೊದಲ ಕೆಲಸ, ತರಗತಿಯಲ್ಲಿದ್ದ ಕುರ್ಚಿಯನ್ನು ಹೊರಕ್ಕೆ ಹಾಕಿಸಿದ್ದು. ಕೂತರೆ ತಾನೇ ನಿದ್ದೆ? ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತೇ ಪಾಠ ಮಾಡಿದಳು. ಕಣ್ಣು ಎಳೆದರೆ ಮಕ್ಕಳ ಸಾಲಿನ ನಡುವೆ ಓಡಾಡುತ್ತಿದ್ದಳು. ಊದಿದ ಕಾಲು ಮತ್ತಷ್ಟು ಊದಿ, ಚಪ್ಪಲಿ ಹಿಡಿಯದೆ ಬರಿಗಾಲಲ್ಲಿ ಬಂದಳು. ಊಟದ ಬಿಡುವಿನಲ್ಲಿ ನಾನು ಬಾಗಿಲಿಗೆ ಅಡ್ಡ ನಿಂತು, “ಒಸಿ ಮಲೀಕೊ, ಯಾರಾರ ಬಂದ್ರೆ ನಾ ನೋಡ್ಕತೀನಿ” ಎಂದರೂ ಕೇಳಲಿಲ್ಲ. “ಮಾತು ಕೊಟ್ಟಿದ್ದೀನಿ ನಂಜೂ” ಎಂದು ಗೋಡೆ ಹಿಡಿದುಕೊಂಡು ನಿಂತೇ ಮೊಸರನ್ನ ತಿಂದಳು. ಅವಳ ಹಟ ನೋಡಿ ನನಗೆ ಒಮ್ಮೊಮ್ಮೆ ಸಿಟ್ಟು ಬರುತ್ತಿತ್ತು, ಒಮ್ಮೊಮ್ಮೆ ಅಳು ಬರುತ್ತಿತ್ತು.

ಎರಡನೇ ಸಲ ಬೆಂಗಳೂರಿಗೆ ಅವಳ ಜೊತೆ ನಾನು ಹೊರಟೆ. ಮಳವಳ್ಳಿ ಬಸ್ ಸ್ಟ್ಯಾಂಡಿಗೆ ಬಂದರೆ ಅಲ್ಲಿ ಆಂಡಾಳಮ್ಮ ಕೈಯಲ್ಲಿ ಗಂಟು ಹಿಡಿದು ನಮಗಿಂತ ಮುಂಚೆ ಬಂದು ನಿಂತಿದ್ದಾರೆ. ನನಗೆ ತಲೆ ಕೆಟ್ಟಿತು. ಇನ್ನೇನು ಹಚ್ಚಲು ಬಂದಿದ್ದಾರೋ ಈ ತಾಯಿ! ಚೂಡಾಮಣಿ ನನ್ನ ಕೈ ಅದುಮಿದಳು, ಸುಮ್ಮನಾದೆ. ಮದ್ದೂರು ಬಂತು, ರೈಲು ಹತ್ತಿದೆವು, ಬೆಂಗಳೂರೂ ಬಂತು. ಆ ಹೆಂಗಸು ದಾರಿಯುದ್ದಕ್ಕೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದರು.

ಅದೇ ಡಾಕ್ಟರಮ್ಮ. ಅದೇ ಪ್ರಶ್ನೆ. ಚೂಡಾಮಣಿ ಬಾಯಿ ತೆರೆಯುವ ಮೊದಲೇ ಆಂಡಾಳಮ್ಮ ಎದ್ದು ನಿಂತರು.

“ಹೋದ ಸಲ ಟಿಂಚರ್ ಹಚ್ಚಿದವಳು ನಾನು. ಹಚ್ಚಿಲ್ಲ ಅಂತ ಸುಳ್ಳು ಹೇಳಿದವಳೂ ನಾನೇ. ಕಲೆ ಕಾಣದ ಹಾಗೆ ಅರಿಶಿನ ಬಳಿದಿದ್ದೆ. ಈಗ ಎರಡು ತಿಂಗಳಿಂದ ಏನೂ ಹಚ್ಚಿಲ್ಲ, ಪೆರುಮಾಳ್ ಮೇಲಾಣೆ. ನನ್ನಿಂದ ಇವಳ ಕೆಲಸ ಹೋಗಬಾರದು ಡಾಕ್ಟರೇ. ಸರಿಯಾಗಿ ನೋಡಿ.”

ನಾನು ಅವರ ಕೈಯಿಂದ ಗಂಟು ತೆಗೆದುಕೊಂಡು, ತೋಳು ಹಿಡಿದು ಕೂರಿಸಿದೆ.

ಫಲಿತಾಂಶವನ್ನು ಅಂಚೆಯಲ್ಲಿ ಕಳಿಸುವುದು ಬೇಡ, ತಾನೇ ಬಂದು ಕೇಳುತ್ತೇನೆ ಎಂದಳು ಚೂಡಾಮಣಿ. ಹಾಗಾಗಿ ಮತ್ತೆ ಮೂವರೂ ಹೋದೆವು. ಡಾಕ್ಟರಮ್ಮ ಅವಳನ್ನು ಎದುರಿಗೆ ಕೂರಿಸಿಕೊಂಡರು.

“ತುಂಬಾ ಕಡಿಮೆ ಇದೆಯಮ್ಮ. ಇಷ್ಟು ಕಡಿಮೆ ಇಟ್ಟುಕೊಂಡು ನೀವು ಎದ್ದು ಓಡಾಡಿದ್ದೇ ಹೆಚ್ಚು. ದಿನಾ ಮಾತ್ರೆ ತಗೋಬೇಕು. ಬದುಕಿರೋವರೆಗೂ.”

ಆಂಡಾಳಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಚೂಡಾಮಣಿ ಮಾತ್ರ ಮುಂದಕ್ಕೆ ಬಾಗಿದಳು.

“ಅಂದರೆ ನಿಜವಾಗಲೂ ಕಾಯಿಲೆನಾ ಡಾಕ್ಟರ್?”

“ನಿಜವಾಗಲೂ ಕಾಯಿಲೆ.”

“ಸೋಮಾರಿತನ ಅಲ್ಲ?”

“ಯಾರಮ್ಮ ಹಾಗಂದಿದ್ದು?”

ಅವಳು ನಕ್ಕಳು. ಆ ಊದಿದ ಮುಖ ತುಂಬ ನಕ್ಕಳು, ನಗುತ್ತಲೇ ಗೋಳೋ ಎಂದು ಅತ್ತಳು. ತನಗೆ ಕಾಯಿಲೆ ಇದೆ ಎಂದು ಅಷ್ಟು ಸಂತೋಷಪಟ್ಟವರನ್ನು ನಾನು ಬೇರೆ ಕಂಡಿಲ್ಲ.

ಮಾರನೆಯ ದಿನ ಕೆಂಪಸಿದ್ದಯ್ಯ ಆಸ್ಪತ್ರೆಯ ಕಾಗದವನ್ನು ಓದಿ ಕನ್ನಡಕ ತೆಗೆದರು. ಅವರೂ ಒರಟರೇ ಹೊರತು ಕೆಟ್ಟವರಲ್ಲ. “ಇದ್ನ ನಾನೇ ಇನ್ಸ್‌ಪೆಕ್ಟ್ರಿಗೆ ಕೊಟ್ ಬತ್ತೀನಿ. ನಿಮ್ ಕೆಲ್ಸ ಎಲ್ಗೂ ಓಗಕಿಲ್ಲ. ಮೈ ಸುದಾರ್ಸೋಗಂಟ ರಜ ಆಕ್ಕಂಡು ಮನೇಲಿರಿ ಚೂಡಾಮಣಮ್ಮ.”

ಮಾತ್ರೆ ಮೈಗೆ ಹತ್ತಲು ತಿಂಗಳುಗಳೇ ಬೇಕಾದವು. ಮೊದಲು ಚಳಿ ಹೋಯಿತು, ಆಮೇಲೆ ಮುಖ ಇಳಿಯಿತು, ದನಿ ಎಲ್ಲಕ್ಕಿಂತ ಕೊನೆಗೆ ಬಂತು. ಅದೆಲ್ಲ ಆಮೇಲಿನ ಮಾತು. ನಾನು ಮರೆಯಲಾರದ್ದು ರಜೆ ಹಾಕಿದ ಮರುದಿನ ಅವಳ ಮನೆಗೆ ಹೋದಾಗ ಕಂಡದ್ದು.

ನಡುಮಧ್ಯಾಹ್ನ. ಜಗಲಿಯ ಮೇಲೆ ಆಂಡಾಳಮ್ಮ ಬೀಸಣಿಗೆ ಹಿಡಿದು, ಬಾಗಿಲಿಗೆ ಅಡ್ಡವಾಗಿ ಕೂತಿದ್ದರು. ಬೀದಿಯಲ್ಲಿ ಸೊಪ್ಪಿನ ಚಿಕ್ಕಬೋರಮ್ಮ ಕೂಗುತ್ತಾ ಬಂದಳು. ಆಂಡಾಳಮ್ಮ ದಡಬಡನೆ ಮೆಟ್ಟಿಲಿಳಿದು ಅವಳಿಗೆ ಅಡ್ಡ ನಿಂತರು.

“ಕೂಗಬೇಡ ಚಿಕ್ಕಬೋರಿ. ನನ್ನ ಸೊಸೆಗೆ ಮೈಯಲ್ಲಿ ಹುಷಾರಿಲ್ಲ. ಮಲಗಿದ್ದಾಳೆ.”